ಕೈಗೆ ಕೊಡದ ಚಾಕು

ಪಿರೂಲ್ ಬೀದಿ ಶುರುವಾಗುವಲ್ಲಿ ಎರಡು ಕಂಬಗಳ ನಡುವೆ ಒಂದು ಬ್ಯಾನರ್ ಕಟ್ಟಿದ್ದಾರೆ. ಹಳದಿ ಬಟ್ಟೆ, ಕೆಂಪು ಅಕ್ಷರ. ‘ಕಳ್ಳನೇ, ಕೈಗೆ ಸಿಕ್ಕರೆ ನಿನ್ನನ್ನು ಪೊಲೀಸರಿಗೆ ಕೊಡುವುದಿಲ್ಲ. ನಾವೇ ವಿಚಾರಿಸಿಕೊಳ್ಳುತ್ತೇವೆ. ಇಂತಿ, ಒಗ್ಗಟ್ಟಿನ ನೆರೆಹೊರೆ.’ ಅಕ್ಷರಗಳ ಪಕ್ಕದಲ್ಲಿ ದೊಡ್ಡದೊಂದು ಕಣ್ಣು.

ಪ್ರತಿ ಗುರುವಾರ ನಾನು ಅದರ ಕೆಳಗೆ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದೆ. ಪ್ರತಿ ಸಲ ಓದುತ್ತಿದ್ದೆ. ಭಯವಾಗುತ್ತಿರಲಿಲ್ಲ, ಧೈರ್ಯ ಬರುತ್ತಿತ್ತು. ನೆರೆಹೊರೆ ಎಂಬ ಮಾತಿನಲ್ಲಿ ನಾನೂ ಸೇರಿದ್ದೇನೆ ಎಂದುಕೊಂಡಿದ್ದೆ.

ನನ್ನ ಹೆಸರು ಒಬ್ದುಲಿಯಾ. ಮೆಕ್ಸಿಕೋ ನಗರದ ಪೂರ್ವದ ಅಂಚಿನಲ್ಲಿ ಚಾಕು, ಕತ್ತರಿಗಳಿಗೆ ಸಾಣೆ ಹಿಡಿಯುತ್ತೇನೆ. ಅಪ್ಪನ ಕಸುಬು. ಅವನ ಮೊಣಕಾಲು ಸವೆದ ಮೇಲೆ ಸೈಕಲ್ ನನಗೆ ಬಂತು. ಹಿಂದಿನ ಚಕ್ರವನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ ಪೆಡಲ್ ತುಳಿದರೆ ಹ್ಯಾಂಡಲಿನ ಬಳಿ ಕೂರಿಸಿದ ಕಲ್ಲು ತಿರುಗುತ್ತದೆ. ಎಲ್ಲಿಗೂ ಹೋಗದ ಸೈಕಲನ್ನು ದಿನವಿಡೀ ತುಳಿಯಬೇಕು. ಸಂಜೆಗೆ ತೊಡೆ ಮರಗಟ್ಟುತ್ತದೆ. ಕಫದಲ್ಲಿ ಕಬ್ಬಿಣದ ಬಣ್ಣ ಬರುತ್ತದೆ. ಬೆರಳ ತುದಿಯ ಗೆರೆಗಳು ಎಂದೋ ಸವೆದುಹೋಗಿವೆ. ಮತದಾರರ ಚೀಟಿಗೆಂದು ಹೆಬ್ಬೆಟ್ಟು ಒತ್ತಿಸಿದಾಗ ಯಂತ್ರ ಮತ್ತೆ ಮತ್ತೆ ಬೇಡವೆಂದಿತು. “ನೀವು ಯಾರೂ ಅಲ್ಲ ಅಂತಿದೆ ಇದು,” ಎಂದು ಕೌಂಟರಿನ ಹುಡುಗಿ ನಕ್ಕಳು. ನಾನೂ ನಕ್ಕೆ.

ಇಲ್ಲಿ ಕಸದ ಗಾಡಿಗೆ ಗಂಟೆ, ಗೆಣಸಿನ ಗಾಡಿಗೆ ಹಬೆಯ ಸೀಟಿ, ಸಾಣೆಯವರಿಗೆ ಕೊಳಲು. ಅಂಗೈಯಗಲದ ಪ್ಲಾಸ್ಟಿಕ್ ಕೊಳಲು. ತುಟಿಗಿಟ್ಟು ಈ ತುದಿಯಿಂದ ಆ ತುದಿಗೆ ಎಳೆದರೆ ಸ್ವರ ತಗ್ಗಿನಿಂದ ಏರಿಗೆ ಹೋಗಿ ಚೀರುತ್ತದೆ. ಒಂದು ಸಲ ಊದಿದರೆ ಬಂದಿದ್ದೇನೆ ಎಂದು. ಎರಡು ಸಲ ಊದಿದರೆ ಚಾಕು ಸಿದ್ಧವಾಗಿದೆ, ಬಾಗಿಲು ತೆರೆಯಿರಿ ಎಂದು.

ಪಿರೂಲ್ ಬೀದಿ ಕಡಿದಾದ ಏರು. ಆ ಇಳಿಜಾರಿನಲ್ಲಿ ಸೈಕಲ್ ಸ್ಟ್ಯಾಂಡಿನ ಮೇಲೆ ನಿಲ್ಲುವುದಿಲ್ಲ. ಕೆಳಗಿನ ಮೂಲೆಯಲ್ಲಿ ನಿಲ್ಲಿಸಿ, ಮನೆ ಮನೆಗೆ ನಡೆದು, ಚಾಕುಗಳನ್ನು ಏಪ್ರನ್ನಿನಲ್ಲಿ ಕಟ್ಟಿಕೊಂಡು ಬರುತ್ತಿದ್ದೆ. ಯಾರದು ಯಾವುದೆಂದು ತಿಳಿಯಲು ಹಿಡಿಗೆ ಉಣ್ಣೆ ದಾರ ಕಟ್ಟುತ್ತಿದ್ದೆ. ಹಸಿರು ಗೇಟಿನವರಿಗೆ ಹಸಿರು ದಾರ, ಕಂದು ಗೇಟಿನವರಿಗೆ ಕಂದು. ಹರಿತ ಮಾಡಿ ಮತ್ತೆ ಏರಿ ಹೋಗಿ ಅವರವರಿಗೆ ಕೊಡುತ್ತಿದ್ದೆ.

ಕೊಡುತ್ತಿದ್ದೆ ಎನ್ನುವುದು ತಪ್ಪು. ನಮ್ಮಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರ ನಡುವಿನ ಸ್ನೇಹ ಕಡಿದುಹೋಗುತ್ತದೆ ಎನ್ನುತ್ತಾರೆ. ಒಬ್ಬರು ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಮರೆತು ಕೈಗೇ ಕೊಟ್ಟುಬಿಟ್ಟರೆ, ತೆಗೆದುಕೊಂಡವರು ತಕ್ಷಣ ಒಂದು ನಾಣ್ಯ ಕೊಡಬೇಕು. ಆಗ ಅದು ಕೊಟ್ಟದ್ದಲ್ಲ, ಕೊಂಡದ್ದು ಎಂದಾಗುತ್ತದೆ. ದೋಷ ಕಳೆಯುತ್ತದೆ.

ಬೀದಿಯ ಹೆಂಗಸರೆಲ್ಲ ಚಾಕುವನ್ನು ಗೇಟಿನ ಪಕ್ಕದ ಗೋಡೆಯ ಮೇಲಿಡುತ್ತಿದ್ದರು. ಈ ರೂಢಿಯನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದವಳು ಬಿಳಿ ಗೇಟಿನ ಹೊವಿತಾ.

ಹೊವಿತಾ ನೊಪಾಲ್ ಮಾರುತ್ತಾಳೆ. ಕಳ್ಳಿಯ ಎಲೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಮುಳ್ಳು ಹೆರೆದು, ಹೆಚ್ಚಿ, ಚೀಲಕ್ಕೆ ತುಂಬಿ, ಗೇಟಿನ ಬಳಿ ಇಟ್ಟುಕೊಂಡು ಕೂರುತ್ತಾಳೆ. ಅವಳ ಚಾಕು ವಾರಕ್ಕೇ ಮೊಂಡಾಗುತ್ತದೆ. ಹಿಡಿ ಒಮ್ಮೆ ಸೀಳಿತ್ತು. ಅವಳ ಗಂಡ ನೀಲಿ ವೈರಿಂಗ್ ಟೇಪು ಸುತ್ತಿಕೊಟ್ಟಿದ್ದ. ನನ್ನ ಮಗಳು ಸಿತ್ಲಾಲಿಯ ಜ್ಞಾನಸ್ನಾನದಂದು ಇಗರ್ಜಿಯಲ್ಲಿ ಮಗುವನ್ನು ಎತ್ತಿ ಹಿಡಿದವಳು ಹೊವಿತಾಳೇ. ಹಾಗೆ ಎತ್ತಿದವಳು ಮಗುವಿಗೆ ಎರಡನೆಯ ತಾಯಿ, ಹೆತ್ತವಳಿಗೆ ಕೊಮಾದ್ರೆ. ಆ ದಿನದಿಂದ ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವಂತಿಲ್ಲ. ಏಕವಚನ ಬಳಸುವಂತಿಲ್ಲ. ರಕ್ತಸಂಬಂಧ ಹುಟ್ಟಿನಿಂದ ಬಂದುಬಿಡುತ್ತದೆ. ಇದು ಆರಿಸಿಕೊಂಡದ್ದು.

“ಇಡ್ತಾ ಇದೀನಿ ಕೊಮಾದ್ರೆ. ಕೈ ಹಿಂದಕ್ಕೆ ತಗೊಳ್ಳಿ,” ಎನ್ನುತ್ತಿದ್ದಳು ಪ್ರತಿ ಗುರುವಾರ.

“ತಗೊಂಡಿದೀನಿ. ಬೇಗ ಇಡಿ, ಬಿಸಿಲು ಸುಡ್ತಿದೆ.”

“ಸುಟ್ರೆ ಸುಡ್ಲಿ. ನಿಮ್ಮ ಜೊತೆ ಜಗಳ ಆಡ್ಕೊಂಡು ನಾನು ಚಾಕು ಹಿಡ್ಕೊಂಡು ಎಲ್ಲಿಗೆ ಹೋಗ್ಲಿ?”

ನಾನು ಇರುವುದು ಇನ್ನೂ ಮೇಲೆ, ಗುಡ್ಡದಲ್ಲಿ. ಈ ನಗರದಲ್ಲಿ ಬಡವರಾದಷ್ಟೂ ಮೇಲಕ್ಕೆ ಹತ್ತಬೇಕು. ನಮ್ಮಲ್ಲಿ ನಲ್ಲಿಯಿಲ್ಲ, ನೀರು ಟ್ಯಾಂಕರಿನಲ್ಲಿ ಬರುತ್ತದೆ. ಮನೆಗಳಿಗೆ ಹಕ್ಕುಪತ್ರವಿಲ್ಲ. ಕೆಳಗಿನವರು ನಮ್ಮನ್ನು ‘ಗುಡ್ಡದವರು’ ಎನ್ನುತ್ತಾರೆ. ಎಲ್ಲಿ ಕಳ್ಳತನವಾದರೂ ಮೊದಲು ಗುಡ್ಡದ ಕಡೆ ನೋಡುತ್ತಾರೆ.

ಭಯ ಸುಳ್ಳಲ್ಲ. ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ನಮ್ಮ ಕಡೆ ಬಸ್ಸಿನ ಬದಲು ಓಡಾಡುವ ವ್ಯಾನುಗಳಲ್ಲಿ ಕಳ್ಳರ ಪಿಸ್ತೂಲು ನೋಡದವರು ಕಡಿಮೆ. ಹೆಂಗಸರ ಬಳಿ ಎರಡೆರಡು ಫೋನಿರುತ್ತವೆ. ಒಂದು ಎದೆಯೊಳಗೆ, ಮಾತಾಡುವುದಕ್ಕೆ. ಇನ್ನೊಂದು ಚೀಲದಲ್ಲಿ, ಕಳ್ಳನಿಗೆ ಕೊಡುವುದಕ್ಕೆ. ತೀರಾ ಹಳೆಯದಾದರೆ ಕಳ್ಳ ಹೊಡೆಯುತ್ತಾನೆ. ಹಾಗಾಗಿ ಅವನು ಒಪ್ಪುವಂಥದ್ದನ್ನೇ ಇಟ್ಟುಕೊಳ್ಳಬೇಕು. ಸಿತ್ಲಾಲಿ ಕಾಲೇಜಿಗೆ ಹೋಗುವಾಗ ವ್ಯಾನು ಹತ್ತಿ ‘ಹತ್ತಿದೆ’ ಎಂದು ಕಳಿಸುತ್ತಾಳೆ. ಇಳಿದು ‘ಇಳಿದೆ’ ಎಂದು ಕಳಿಸುತ್ತಾಳೆ. ನಡುವಿನ ಹೊತ್ತಿನಲ್ಲಿ ನಾನು ಪೆಡಲ್ ತುಳಿಯುತ್ತೇನೆ. ಯಾರು ಮಾತಾಡಿಸಿದರೂ ಕೇಳಿಸುವುದಿಲ್ಲ. ಹೊವಿತಾಳ ಗಂಡನನ್ನು ಬೆಳಗಿನ ಪಾಳಿಗೆ ಹೋಗುವಾಗ ಅಡ್ಡಹಾಕಿ ಬೂಟುಗಳನ್ನೂ ಬಿಚ್ಚಿಸಿಕೊಂಡರು. ಕಾಲುಚೀಲದಲ್ಲಿ ಮನೆಗೆ ಬಂದ. ಆಮೇಲಿಂದ ಅವನು ದಿನವೂ ಕೆಲಸಕ್ಕೆ ಹೊರಡುವ ಮುಂಚೆ ಗೇಟಿನೊಳಗೆ ನಿಂತು ಉಸಿರೆಳೆದುಕೊಳ್ಳುತ್ತಾನೆ, ನೀರಿಗೆ ಧುಮುಕುವವನ ಹಾಗೆ.

ಆ ವಾರ ಬೀದಿಯ ಔಷಧಿ ಅಂಗಡಿಗೆ ನುಗ್ಗಿದವರು ಗಲ್ಲಾದಲ್ಲಿದ್ದ ಹುಡುಗಿಗೆ ಚಾಕು ಹಾಕಿದ್ದರು. ಹುಡುಗಿ ಬದುಕಿದಳು. ಮಾರನೆಯ ದಿನ ನೆರೆಹೊರೆಯ ಸಮಿತಿ ಸೇರಿತು. ಸಮಿತಿಯ ಮುಖ್ಯಸ್ಥ ದೊನ್ ರೊಸೆಂದೊ, ಕಾರ್ಖಾನೆಯೊಂದರಲ್ಲಿ ಗೇಟು ಕಾದು ಈಚೆಗಷ್ಟೇ ನಿವೃತ್ತನಾದವನು. ಪ್ರತಿ ಮನೆಗೂ ಒಂದು ಕೆಂಪು ಸೀಟಿ ಹಂಚಿದ. ಒಬ್ಬರು ಊದಿದರೆ ಕೇಳಿದವರೆಲ್ಲ ಊದಬೇಕು. ಗಂಡಸರು ಕೈಗೆ ಸಿಕ್ಕಿದ್ದು ಹಿಡಿದು ಹೊರಗೆ ಬರಬೇಕು. ಸಿಕ್ಕಿಬಿದ್ದವರ ಪರ ಯಾರೂ ಮಾತಾಡಕೂಡದು. ಮಾತಾಡಿದವರು ಕಳ್ಳರ ಕಡೆಯವರು. ಜೊತೆಗೆ ಒಂದು ಎಚ್ಚರಿಕೆ: ಕಳ್ಳರು ಮೊದಲು ಒಬ್ಬ ಹೆಂಗಸನ್ನು ಕಳಿಸುತ್ತಾರಂತೆ, ಮನೆಗಳಿಗೆ ಗುರುತು ಹಾಕುವುದಕ್ಕೆ.

ಇದೆಲ್ಲ ಅವರ ಫೋನಿನ ಗುಂಪಿನಲ್ಲಿ ಬಂದಿತ್ತು. ನಾನು ಆ ಗುಂಪಿನಲ್ಲಿಲ್ಲ. ಗುರುವಾರ ಮಧ್ಯಾಹ್ನ ಹೊವಿತಾ ಸೀಟಿಯ ವಿಷಯವಷ್ಟೇ ಹೇಳಿದಳು.

“ನೋಡಿ ಕೊಮಾದ್ರೆ, ಮೊಮ್ಮಕ್ಕಳನ್ನ ಆಡ್ಸೋ ವಯಸ್ಸಲ್ಲಿ ಕುತ್ತಿಗೆಗೆ ಸೀಟಿ. ಫುಟ್‌ಬಾಲ್ ರೆಫರಿ ಆಗಿದೀನಿ.”

“ಮನೆಯವ್ರಿಗೆ ಒಂದು ಹಳದಿ ಕಾರ್ಡು ತೋರ್ಸಿ.”

“ಅವ್ರಿಗೆ ಕೆಂಪೇ. ಯಾವತ್ತೋ ತೋರಿಸ್ಬೇಕಿತ್ತು.”

“ನಂಗೂ ಒಂದು ಸೀಟಿ ಕೊಡ್ಸಿ. ಗುಡ್ಡದ ದಾರೀಲಿ ಬೇಕಾಗತ್ತೆ.”

“ನಿಮಗ್ಯಾಕೆ? ನಿಮ್ಮ ಹತ್ರ ಕೊಳಲಿದೆಯಲ್ಲ,” ಎಂದು ಚಾಕುವನ್ನು ಗೋಡೆಯ ಮೇಲಿಟ್ಟಳು. ನಾನು ಎತ್ತಿಕೊಂಡೆ. ಬಿಳಿ ದಾರ ಕಟ್ಟಿದೆ.

ಆ ದಿನ ಹನ್ನೆರಡು ಹದಿಮೂರು ಚಾಕುಗಳಿದ್ದವು. ಸಾಣೆ ಮುಗಿಸಿ, ಏಪ್ರನ್ನಿನಲ್ಲಿ ಸುತ್ತಿಕೊಂಡು ಏರಿದೆ. ಇನ್ನೂ ಬಿಸಿಲಿತ್ತು. ಶಾಲೆ ಬಿಟ್ಟ ಮಕ್ಕಳು ಹೋಗಿಯಾಗಿತ್ತು. ಬೀದಿಯ ನಡುವೆ ನಿಂತು ಕೊಳಲನ್ನು ಎರಡು ಸಲ ಊದಿದೆ.

ಅಲ್ಲೊಂದು ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಬಂದು ತಿಂಗಳಾಗದ ಒಂದು ಕುಟುಂಬವಿತ್ತು. ಆ ಮನೆಯ ಹೆಂಗಸು ಸಾಣೆಯವರ ಕೊಳಲು ಕೇಳಿರಲಿಲ್ಲವೋ, ಕೇಳಿದ್ದರೂ ಆ ವಾರದ ಭಯದಲ್ಲಿ ಅದು ಬೇರೆಯೇ ಆಗಿ ಕೇಳಿಸಿತೋ ಗೊತ್ತಿಲ್ಲ. ಕಿಟಕಿಯಿಂದ ನೋಡಿದಳು. ಕೆಳಗೆ ಒಬ್ಬ ಹೆಂಗಸು, ತೋಳಲ್ಲಿ ಗಂಟು, ಗಂಟಿನಿಂದ ಹೊರಗೆ ಅಲಗು. ತನ್ನ ಸೀಟಿ ಊದಿದಳು.

ಪಕ್ಕದ ಮನೆ ಊದಿತು. ಎದುರು ಮನೆ ಊದಿತು. ಇಡೀ ಬೀದಿ ಊದಿತು. ಕಳ್ಳ ಎಲ್ಲಿದ್ದಾನೆ ಎಂದು ನಾನೂ ತಿರುಗಿ ನೋಡಿದೆ.

ಗೇಟುಗಳಿಂದ ಗಂಡಸರು ಬಂದರು. ಕೊಳವೆ, ಪೊರಕೆ ಹಿಡಿ, ಕಾರಿನ ಜಾಕಿಯ ಸರಳು. ಇವರು ಹಗಲು ಮನೆಯಲ್ಲಿರದ ಗಂಡಸರು. ಔಷಧಿ ಅಂಗಡಿಯ ಘಟನೆಯಿಂದಾಗಿ ಸರದಿಯಲ್ಲಿ ಉಳಿದುಕೊಂಡಿದ್ದವರು. ಹೊವಿತಾಳ ಗಂಡನನ್ನು ಬಿಟ್ಟರೆ ಅವರಿಗೆ ನಾನು ಗೊತ್ತಿಲ್ಲ. ತಮ್ಮ ಮನೆಯ ಚಾಕು ಹೇಗೆ ಹರಿತವಾಗುತ್ತದೆ ಎಂದು ಅವರು ಯಾವತ್ತೂ ಕೇಳಿದವರಲ್ಲ. ಮೊದಲ ಏಟು ಮೊಣಕೈಗೆ ಬಿತ್ತು. ಗಂಟು ಬಿಚ್ಚಿಕೊಂಡಿತು. ಚಾಕುಗಳು ಇಳಿಜಾರಿನಲ್ಲಿ ಖಣಖಣ ಜಾರಿದವು.

“ಅಬ್ಬ, ಆಯುಧದ ಅಂಗಡಿನೇ ಇದೆ ಇವಳ ಹತ್ರ,” ಎಂದ ಒಬ್ಬ.

“ಸಾಣೆಯವಳು ನಾನು. ಕೆಳಗೆ ಸೈಕಲಿದೆ ನೋಡಿ. ಇವೆಲ್ಲ ನಿಮ್ಮನೆ ಚಾಕುಗಳೇ. ದಾರ ನೋಡಿ, ಹಸಿರು ಗೇಟಿಗೆ ಹಸಿರು, ಆ ಮನೆಗೆ ಕಂದು—”

ಅದೇ ನನ್ನ ಕುತ್ತಿಗೆಗೆ ಬಂತು. ದೊನ್ ರೊಸೆಂದೊ ಒಂದು ಚಾಕು ಎತ್ತಿ ದಾರವನ್ನು ಎಲ್ಲರಿಗೂ ತೋರಿಸಿದ.

“ಹೇಳಿರ್ಲಿಲ್ವಾ? ಮನೆ ಮನೆಗೆ ಗುರುತು. ಬಾಯಿ ಬಿಟ್ಟು ಅವಳೇ ಹೇಳ್ತಿದಾಳೆ.”

“ಎಲ್ಲಿಯವಳೇ ನೀನು?”

“ಮೇಲಿನವಳು.”

“ಗುಡ್ಡದವಳು,” ಎಂದ ಇನ್ನೊಬ್ಬ. ಅಷ್ಟು ಸಾಕಾಯಿತು.

ಹಸಿರು ಗೇಟಿನ ಸಂದಿಯಲ್ಲಿ ಎರಡು ಕಣ್ಣು ಕಂಡವು. ಆ ಮನೆಯ ಹೆಂಗಸು ಎರಡು ಗಂಟೆ ಹಿಂದೆ, “ಮಾಂಸದ ಚಾಕು, ಸ್ವಲ್ಪ ಜಾಸ್ತಿನೇ ಹರಿತ ಮಾಡು,” ಎಂದಿದ್ದಳು. ಕಂದು ಗೇಟಿನಲ್ಲಿ ಪರದೆ ಸರಿಯಿತು, ಮತ್ತೆ ಮುಚ್ಚಿಕೊಂಡಿತು. ಒಂದು ಗೇಟಿನೊಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿತು. ಆ ಸದ್ದು ಏಟಿಗಿಂತ ಚೆನ್ನಾಗಿ ನೆನಪಿದೆ.

ಬಿಳಿ ಗೇಟು ಮಾತ್ರ ತೆರೆದಿತ್ತು. ಹೊವಿತಾ ಹೊಸ್ತಿಲಲ್ಲಿ ನಿಂತಿದ್ದಳು. ಮಡಿಲಿನಿಂದ ನೊಪಾಲ್ ಮುಳ್ಳು ಕೂಡ ಕೊಡವಿಕೊಂಡಿರಲಿಲ್ಲ. ನನಗೆ ಜೀವ ಬಂತು.

“ಕೊಮಾದ್ರೆ, ಇವ್ರಿಗೆ ಹೇಳಿ. ನೀಲಿ ಟೇಪಿಂದು ನಿಮ್ಮದು ಅಂತ.”

ದೊನ್ ರೊಸೆಂದೊ ನೀಲಿ ಟೇಪಿನ ಚಾಕು ಎತ್ತಿದ. “ದೊನ್ಯ ಹೊವಿತಾ, ಇದು ನಿಮ್ಮದು ಅಂತಾಳೆ. ನೀವು ಕೊಟ್ಟಿದ್ದಾ?”

ಅವಳು ಚಾಕು ನೋಡಿದಳು. ಗಂಡನನ್ನು ನೋಡಿದಳು. ಅವನು ಕೊಳವೆ ಹಿಡಿದವರ ನಡುವೆ ನಿಂತಿದ್ದ, ನೆಲ ನೋಡುತ್ತಿದ್ದ. ಆಮೇಲೆ ನನ್ನ ತಲೆಯ ಮೇಲಿಂದ ಎಲ್ಲೋ ನೋಡುತ್ತ ಹೇಳಿದಳು:

“ನಾನು ಇವಳ ಕೈಗೆ ಚಾಕು ಕೊಟ್ಟಿಲ್ಲ.”

ಪ್ರತಿಯೊಂದು ಅಕ್ಷರವೂ ನಿಜ. ಅವಳು ನನ್ನ ಕೈಗೆ ಒಂದು ದಿನವೂ ಚಾಕು ಕೊಟ್ಟವಳಲ್ಲ. ನಮ್ಮ ಸ್ನೇಹ ಕಡಿಯಬಾರದೆಂದು ಇಷ್ಟು ವರ್ಷ ಗೋಡೆಯ ಮೇಲಿಟ್ಟವಳು. ಮತ್ತು ನನ್ನ ಮಗಳನ್ನು ಎತ್ತಿದ ದಿನದಿಂದ ಮೊದಲ ಸಲ ನನ್ನನ್ನು ‘ಇವಳು’ ಎಂದಳು.



ಬಟ್ಟೆ ಒಣಹಾಕುವ ಹಗ್ಗ ತಂದು ದೀಪದ ಕಂಬಕ್ಕೆ ಕಟ್ಟಿದರು. ಮೊಣಕೈ ಊದಿಕೊಳ್ಳುತ್ತಿತ್ತು, ಹಗ್ಗ ಅದರ ಮೇಲೆಯೇ ಹಾಯ್ದಿತ್ತು. ರಟ್ಟಿನ ತುಂಡಿನ ಮೇಲೆ ‘ನಾನು ಕಳ್ಳಿ’ ಎಂದು ಬರೆದು ಕುತ್ತಿಗೆಗೆ ನೇತುಹಾಕಿದರು. ಫೋನು ಎತ್ತಿ ಚಿತ್ರ ತೆಗೆದರು. ತಲೆ ತಗ್ಗಿಸಿದರೆ ಗಲ್ಲ ಹಿಡಿದು ಎತ್ತುತ್ತಿದ್ದರು. ಉಚ್ಚೆ ಬರುತ್ತಿದೆ ಎಂದೆ. “ಅಲ್ಲೇ ಹುಯ್ಕೋ,” ಎಂದರು. ಹುಯ್ದುಕೊಂಡೆ. ನೀರು ಸ್ಕರ್ಟಿನಿಂದ ಇಳಿದು, ಇಳಿಜಾರಲ್ಲಿ ಹರಿದು, ಬಿಳಿ ಗೇಟಿನ ಮುಂದೆ ಹಾದುಹೋಯಿತು.

ಜಡೆ ಕೊಯ್ಯೋಣ ಎಂದು ಯಾರೋ ಅಂದರು. ಕೈಗೆ ಸಿಕ್ಕ ಚಾಕು ಎತ್ತಿಕೊಂಡರು. ನೀಲಿ ಟೇಪು ಸುತ್ತಿದ್ದು. ನನ್ನದು ದಪ್ಪ ಜಡೆ. ಎಳೆದು ಹಿಡಿದು ಒಂದು ಸಲ ಆಡಿಸಿದ್ದಕ್ಕೇ ಬಂತು.

“ಏನ್ ಹರಿತ ಇದೆಯೋ,” ಎಂದ ಕೊಯ್ದವನು, ಮೆಚ್ಚುಗೆಯಿಂದ.

ಕೆಳಗೆ ಮೂಲೆಯಲ್ಲಿ ಏನೋ ಬಿದ್ದು ಒಡೆದ ಸದ್ದು ಬಂತು. ಏನೆಂದು ನೋಡದೆಯೇ ಗೊತ್ತಾಯಿತು. ಅದು ಅಪ್ಪನ ಕಲ್ಲು.

ಪೊಲೀಸರ ಗಸ್ತು ಗಾಡಿ ಬಂದದ್ದು ಸೂರ್ಯ ಮುಳುಗುವ ಮುಂಚೆ. ಇಬ್ಬರಿದ್ದರು. ಅವರಲ್ಲಿ ಹೆಂಗಸು ಕೆಳಗಿನಿಂದ ನಡೆದು ಬರುವಾಗ ಬಿದ್ದಿದ್ದ ಸೈಕಲ್ ನೋಡಿಕೊಂಡೇ ಬಂದಿದ್ದಳು.

“ಇದು ಸಾಣೆ ಸೈಕಲ್ಲು. ನಿಮಗ್ಯಾರಿಗೂ ಕಣ್ಣಿಲ್ವಾ?” ಎಂದು ಕೇಳಿದಳು.  ಅವಳೇ ಹಗ್ಗ ಬಿಚ್ಚಿದಳು.

ಅವಳ ಜೊತೆಯವನು ಚಾಕುಗಳನ್ನು ಆಯ್ದು ರಾಶಿ ಹಾಕಿ, “ಯಾರ್ಯಾರದು, ತಗೊಂಡು ಹೋಗಿ,” ಎಂದ. ಒಬ್ಬರೂ ಮುಂದೆ ಬರಲಿಲ್ಲ. ನನ್ನದು ಎಂದರೆ ನಾನೇ ಕೊಟ್ಟೆ ಎಂದ ಹಾಗೆ. ನಾನೇ ಕೊಟ್ಟೆ ಎಂದರೆ ಇಷ್ಟು ಹೊತ್ತು ಗೇಟಿನೊಳಗೆ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆ. ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಏಪ್ರನ್ನಿನಲ್ಲಿ ಕಟ್ಟಿ ನನ್ನ ಕಾಲ ಬಳಿ ಇಟ್ಟ.

“ನಿಮಗೂ ಬುದ್ಧಿ ಬೇಡ್ವಾ? ಇಂಥ ಕಾಲದಲ್ಲಿ ಇಷ್ಟೊಂದು ಚಾಕು ಹಿಡ್ಕೊಂಡು ಓಡಾಡ್ತಾರಾ?” ಎಂದ.

ಒಂದು ಕೈಯಲ್ಲಿ ಸೈಕಲ್ ತಳ್ಳಿಕೊಂಡು ಗುಡ್ಡ ಹತ್ತಿದೆ. ಬೀದಿಯ ಚಾಕುಗಳೆಲ್ಲ ನನ್ನ ಜೊತೆ ಬಂದವು.

ಸಿತ್ಲಾಲಿ ನನ್ನ ತಲೆ ನೋಡಿದಳು. ನಡೆದದ್ದನ್ನು ಎರಡು ಮಾತಲ್ಲಿ ಹೇಳಿದೆ. ಕುರ್ಚಿಯಲ್ಲಿ ಕೂರಿಸಿ, ಕತ್ತರಿ ತಂದು, ಹರಕು ಮುರುಕಾಗಿದ್ದ ಕೂದಲನ್ನು ಸಮ ಮಾಡಿದಳು. ಮುಗಿದ ಮೇಲೆ ಕೇಳಿದಳು: “ಮದ್ರೀನಾ ಇರ್ಲಿಲ್ವಾ ಅಲ್ಲಿ?” ಮದ್ರೀನಾ ಎಂದರೆ ಅವಳಿಗೆ ಹೊವಿತಾ, ಎರಡನೆಯ ತಾಯಿ.

“ಇದ್ದರು,” ಎಂದೆ.

ಅವಳು ಕತ್ತರಿಯನ್ನು ಮೇಜಿನ ಮೇಲಿಟ್ಟಳು. ನನ್ನ ಕೈಗೆ ಕೊಡಲಿಲ್ಲ.

ಕಂಬಕ್ಕೆ ಕಟ್ಟಿದ ನನ್ನ ಚಿತ್ರ ಬೀದಿಯಿಂದ ಬೀದಿಗೆ ಹೋಯಿತು. ಸಾಣೆಯವಳೆಂದು ಗೊತ್ತಾದ ಸುದ್ದಿ ಅದರ ಹಿಂದೆ ಹೋಗಲಿಲ್ಲ. ಕೈಯಲ್ಲಿ ಉಜ್ಜುವ ಸಣ್ಣ ಕಲ್ಲು ಹಿಡಿದು ಪಕ್ಕದ ಬಡಾವಣೆಗೆ ಹೋಗಿ ಕೊಳಲು ಊದಿದಾಗ ಒಬ್ಬ ಹಣ್ಣಿನವನು, “ಅಕ್ಕಾ, ಬೇಗ ಹೋಗಿಬಿಡಿ, ಇಲ್ಲೂ ಫೋಟೊ ನೋಡಿದಾರೆ,” ಎಂದ. ಮಾರುಕಟ್ಟೆಯಲ್ಲಿ ಹೆಂಗಸರು ಚೀಲವನ್ನು ಎದೆಗೆ ಅವಚಿಕೊಂಡರು. ಅದನ್ನು ನಾನು ವ್ಯಾನಿನಲ್ಲಿ ಎಷ್ಟು ಸಲ ಮಾಡಿದ್ದೇನೆ. ಎದುರಿಗಿರುವವರ ಕಡೆಯಿಂದ ಅದು ಹೇಗೆ ಕಾಣುತ್ತದೆ ಎಂದು ಆಗ ಗೊತ್ತಾಯಿತು. ಅಪ್ಪನ ಕಲ್ಲು ಎರಡು ಹೋಳಾಗಿತ್ತು. ಇದ್ದಿದ್ದರೂ ತುಳಿಯುವುದಕ್ಕೆ ಬೀದಿ ಇರಲಿಲ್ಲ.

ಒಂದು ಭಾನುವಾರ ಹೊವಿತಾ ಬಂದಳು. ಗುಡ್ಡಕ್ಕೆ ಅವಳು ಬಂದದ್ದು ಅದೇ ಮೊದಲು. ಏದುಸಿರು ಬಿಡುತ್ತಿದ್ದಳು. ಕೈಯಲ್ಲಿ ಮುಚ್ಚಳ ಹಾಕಿದ ಪಾತ್ರೆಯಿತ್ತು. ಬಾಗಿಲ ಬಳಿ ಬಿಸಿಲಲ್ಲಿ ನಿಂತಳು. ಒಳಗೆ ಕರೆಯಲಿಲ್ಲ ನಾನು.

“ನೊಪಾಲ್ ಪಲ್ಯ ತಂದಿದೀನಿ ಕೊಮಾದ್ರೆ. ಸರಿಯಾಗಿ ಹೆಚ್ಚಕ್ಕಾಗ್ಲಿಲ್ಲ. ಪಕ್ಕದ ಮನೆ ಚಾಕು, ಬೆಣ್ಣೆನೂ ಕೊಯ್ಯಲ್ಲ.”

ನಾನು ಪಾತ್ರೆ ತೆಗೆದುಕೊಳ್ಳಲಿಲ್ಲ.

“ಬೀದಿ ಹೆಂಗಸರೆಲ್ಲ ಕಷ್ಟ ಪಡ್ತಿದಾರೆ. ಯಾರ ಮನೇಲೂ ಒಳ್ಳೆ ಚಾಕಿಲ್ಲ.”

“ಇಲ್ಲೇ ಇವೆ ಎಲ್ಲ. ಬಂದು ತಗೊಳ್ಳಿ ಅನ್ನಿ.”

“ನೀವು ನನ್ನ ಕೈಲೇ ಕೊಟ್ಟು ಕಳಿಸ್ತೀರಿ ಅಂದ್ಕೊಂಡಿದಾರೆ.” ಪಾತ್ರೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. “ದೊನ್ ರೊಸೆಂದೊ ಒಂದು ಮಾತು ಹೇಳಿ ಕಳಿಸಿದಾರೆ. ಗುರುವಾರ ಸಭೆ ಇದೆ. ನೀವು ಬಂದು, ಸಮಿತಿಗೆ ಹೇಳ್ದೆ ಬೀದಿಗೆ ಬಂದಿದ್ದು ನನ್ನದೇ ತಪ್ಪು, ಯಾರ ಮೇಲೂ ಬೇಜಾರಿಲ್ಲ ಅಂತ ಒಂದು ಮಾತು ಅಂದ್ಬಿಟ್ರೆ ಸಾಕಂತೆ. ಗುಂಪಿಂದ ಫೋಟೊ ತೆಗೀತಾರೆ. ನಿಮಗೊಂದು ಕಾರ್ಡು ಕೊಡ್ತಾರೆ, ಕುತ್ತಿಗೆಗೆ ಹಾಕ್ಕೊಳ್ಳೋದು. ಮೊದಲಿನ ಹಾಗೆ ಬರ್ಬಹುದು. ಕಲ್ಲಿಗೂ ಏನಾದ್ರೂ ಮಾಡ್ತಾರಂತೆ.”

“ಕುತ್ತಿಗೆಗೆ ಒಂದು ಸಲ ಹಾಕಿದಾರಲ್ಲ. ರಟ್ಟು.”

“ಹಾಗನ್ಬೇಡಿ. ಅವ್ರಿಗೂ ನಾಚಿಕೆ ಇದೆ.”

“ಇದ್ರೆ ಅವ್ರೇ ಗುಡ್ಡ ಹತ್ತಲಿ. ಒಬ್ಬೊಬ್ರೇ ಬರ್ಲಿ. ಹಸಿರು ದಾರದವಳು ಬಂದು, ಇದು ನನ್ನ ಚಾಕು, ನಾನೇ ಕೊಟ್ಟೆ, ಕಟ್ಟಿಹಾಕಿದಾಗ ಗೇಟ್ ಸಂದಿಯಿಂದ ನೋಡ್ತಿದ್ದೆ ಅನ್ಲಿ. ಕೊಡ್ತೀನಿ.”

“ಯಾರು ಹಾಗಂತಾರೆ ಕೊಮಾದ್ರೆ?”

“ಹಾಗಿದ್ರೆ ಬೇಡ. ನಾನೂ ಅನ್ನಲ್ಲ. ನನ್ನದು ತಪ್ಪು ಅಂತ ಅನ್ನಲ್ಲ, ಬೇಜಾರಿಲ್ಲ ಅಂತ ಅನ್ನಲ್ಲ. ಬೀದಿ ಇಲ್ದಿದ್ರೆ ಇಲ್ಲ.”

ಅವಳ ಕಣ್ಣಲ್ಲಿ ನೀರು ಬಂತು. ತೋಳಿನಿಂದ ಒರೆಸಿಕೊಂಡಳು.

“ನಂಗೆ ಎಷ್ಟು ಭಯ ಆಗಿತ್ತು ಗೊತ್ತಾ ನಿಮಗೆ? ಕೊಟ್ಟೆ ಅಂದಿದ್ರೆ ನನ್ನನ್ನೂ ನಿಮ್ಮ ಜೊತೆ ಕಟ್ತಿದ್ರು. ನಮ್ಮನೆಯವ್ರನ್ನ ಏನು ಮಾಡ್ತಿದ್ರೋ. ನಾಳೆ ಮತ್ತೆ ಅದೇ ಬೀದೀಲಿ ಇರ್ಬೇಕು ನಾನು. ಆದ್ರೆ ಸುಳ್ಳು ಹೇಳ್ಲಿಲ್ಲ ಕೊಮಾದ್ರೆ. ದೇವರಾಣೆ, ಒಂದು ಸುಳ್ಳು ಹೇಳ್ಲಿಲ್ಲ.”

“ಗೊತ್ತು. ಸುಳ್ಳು ಹೇಳಿದ್ರೆ ಕ್ಷಮಿಸ್ತಿದ್ದೆ. ಭಯಕ್ಕೆ ಎಲ್ರೂ ಸುಳ್ಳು ಹೇಳ್ತಾರೆ. ನೀವು ಹುಡುಕಿ ಹುಡುಕಿ ನಿಜ ಹೇಳಿದ್ರಿ.”

 ನಾನು ಒಳಗೆ ಹೋದೆ. ಏಪ್ರನ್ ಬಿಚ್ಚಿ ಬಿಳಿ ದಾರದ ಚಾಕು ಆರಿಸಿದೆ. ನೀಲಿ ಟೇಪಿನ ಮಡಿಕೆಯಲ್ಲಿ ನನ್ನ ಕೂದಲು ಒಂದೆರಡು ಸಿಕ್ಕಿಕೊಂಡಿದ್ದವು. ತೆಗೆಯಲಿಲ್ಲ.

ಹೊರಗೆ ಬಂದಾಗ ಅವಳು ರೂಢಿಯಂತೆ ಕೈ ಹಿಂದಕ್ಕೆ ಎಳೆದುಕೊಂಡು, ನಾನು ಎಲ್ಲಿ ಇಡುತ್ತೇನೆ ಎಂದು ನೋಡುತ್ತಿದ್ದಳು. ಬಾಗಿಲ ಪಕ್ಕದಲ್ಲಿ ನೀರಿನ ಡ್ರಮ್ಮಿನ ಮುಚ್ಚಳವಿತ್ತು. ಮೆಟ್ಟಿಲಿತ್ತು. ಎಲ್ಲಿ ಬೇಕಾದರೂ ಇಡಬಹುದಿತ್ತು.

ನಾನು ಅವಳ ಬಲಗೈ ಹಿಡಿದು ಮುಂದಕ್ಕೆ ಎಳೆದೆ. ಅಂಗೈ ಬಿಡಿಸಿದೆ. ಹಿಡಿಯ ಕಡೆಯಿಂದ ಚಾಕುವನ್ನು ಅದರಲ್ಲಿಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿದೆ.

“ಬೇಡಿ, ಹೀಗೆ ಬೇಡಿ,” ಎಂದಳು. ಪಾತ್ರೆಯನ್ನು ಕೆಳಗಿಟ್ಟು ಎಡಗೈಯಿಂದ ಜೇಬು ತಡಕಿದಳು. ಒಂದು ನಾಣ್ಯ ಸಿಕ್ಕಿತು. ನನ್ನ ಮುಂದೆ ಹಿಡಿದಳು.  “ತಗೊಳ್ಳಿ. ಕೊಮಾದ್ರೆ, ತಗೊಳ್ಳಿ ಇದನ್ನ. ಸಿತ್ಲಾಲಿ ಮುಖ ನೋಡಿ ತಗೊಳ್ಳಿ.”

ನಾನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡೆ. ಕಂಬದ ಬಳಿ ಕಟ್ಟಿದ್ದ ಹಾಗೆಯೇ.

ಸಿತ್ಲಾಲಿ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಅವಳೂ ಹೊರಗೆ ಬಂದು ನಾಣ್ಯ ತೆಗೆದುಕೊಳ್ಳಲಿಲ್ಲ.

ಒಂದು ಕೈಯಲ್ಲಿ ನಾಣ್ಯ, ಇನ್ನೊಂದರಲ್ಲಿ ಚಾಕು ಹಿಡಿದುಕೊಂಡೇ ಹೊವಿತಾ ತಿರುಗಿದಳು. 

“ಹೊವಿತಾ,” ಎಂದೆ. ಹೆಸರು ಕೇಳಿ ಅವಳು ಬೆಚ್ಚಿದಳು. “ಬಟ್ಟೇಲಿ ಸುತ್ಕೊಂಡು ಹೋಗು ಅದನ್ನ. ಚಾಕು ಹಿಡ್ಕೊಂಡು ಬೀದೀಲಿ ನಡೆಯೋ ಹೆಂಗಸಿಗೆ ಏನ್ಮಾಡ್ತಾರೆ, ನೋಡಿದೀಯಲ್ಲ.”

ಅವಳು ಸ್ವೆಟರ್ ಬಿಚ್ಚಿ ಚಾಕುವಿಗೆ ಸುತ್ತಿದಳು. ಎದೆಗೆ ಒತ್ತಿಕೊಂಡು, ಎರಡೂ ಕಡೆಯ ಮನೆಗಳ ಬಾಗಿಲು ಕಿಟಕಿಗಳನ್ನು ನೋಡುತ್ತ, ಗೋಡೆಗೆ ಅಂಟಿಕೊಂಡು ಇಳಿದಳು. ಪಾತ್ರೆ ಮೆಟ್ಟಿಲ ಮೇಲೆಯೇ ಉಳಿಯಿತು. ಪಲ್ಯವನ್ನು ನಾಯಿ ತಿಂದಿತು.

ಗುರುವಾರ ನಾನು ಸಭೆಗೆ ಹೋಗಲಿಲ್ಲ. ಬ್ಯಾನರ್ ಇನ್ನೂ ಹಾಗೆಯೇ ಇದೆಯಂತೆ. ಉಳಿದ ಚಾಕುಗಳು ನನ್ನ ಬಾಗಿಲ ಒಳಗೆ ಗೋಡೆಯ ಮೊಳೆಗಳಲ್ಲಿ ಸಾಲಾಗಿ ನೇತಾಡುತ್ತಿವೆ. ಹಸಿರು, ಕಂದು, ಬೂದು, ಕೆಂಪು. ಕೇಳಿಕೊಂಡು ಯಾರೂ ಬಂದಿಲ್ಲ. ತುಕ್ಕು ಹಿಡಿಯದಂತೆ ಎಣ್ಣೆ ಸವರಿದ್ದೇನೆ. ಎಲ್ಲವೂ ಹರಿತವಾಗಿಯೇ ಇವೆ.